ಸಮುದ್ರಕ್ಕೆ ಹೊರಟವರು ಹಾವೇರಿ ದಾಟಿದ ಬಗೆ

2024ರ ನವೆಂಬರ್ 16, ಶನಿವಾರ, ಬೆಳಗ್ಗೆ 6 ಗಂಟೆ 10 ನಿಮಿಷ. ರಾಣೆಬೆನ್ನೂರಿನ ನಮ್ಮ ಮನೆಯಿಂದ ಕಾರು ಕುಮಟಾದ ಕಡಲಿಗೆ ಹೊರಟಿತು. ಸ್ಟೇರಿಂಗ್ ಹಿಡಿದವರು ನನ್ನ ಗಂಡ ಪ್ರೇಮಕುಮಾರ. ಹಿಂದಿನ ಸೀಟಿನಲ್ಲಿ ನಮ್ಮ ನಾಯಿ, ಸೋಡಾ.

ನಾನು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಫಾರ್ಮಲಿನ್ ಬಾಟಲಿಯಲ್ಲಿ ಬಿಳಿಚಿಕೊಂಡ ಸಮುದ್ರಜೀವಿಗಳ ಹೆಸರು ತಪ್ಪಿದರೆ ಅಂಕ ಕಳೆಯುವ ನಾನು ಸಮುದ್ರವನ್ನೇ ಕಂಡಿರಲಿಲ್ಲ. ಹುಣ್ಣಿಮೆಯ ಮರುದಿನ ಇಳಿತ ಜೋರು. ಸಂಜೆ ನೀರು ಸರಿದಾಗ ಬಂಡೆಗಳ ಸಂದಿಯಲ್ಲಿ ಅವುಗಳನ್ನು ಜೀವಂತ ನೋಡಬಹುದೆಂದು ಲೆಕ್ಕ ಹಾಕಿ ಈ ದಿನ ಆರಿಸಿದ್ದೆ. ಕತ್ತಲಾಗುವ ಮುಂಚೆ ತಲುಪಬೇಕು, ಅಷ್ಟೇ.

ಗಂಡನಿಗೆ ಮೊಬೈಲಿನಲ್ಲಿ ಎಲ್ಲೋ ‘ನಿಧಾನ ಪ್ರವಾಸ’ ಎಂಬ ಮಾತು ಸಿಕ್ಕಿತ್ತು. ನಾಯಿಯ ಫೋಟೊ ಜೊತೆಗೆ ಹೋಗುವ ದಾರಿಯನ್ನೂ ಸ್ಟೇಟಸ್‌ಗೆ ಹಾಕಿಬಿಟ್ಟಿದ್ದರು. ನೆಂಟರ ಊರಿನ ಮೇಲೆ ಹಾದು ಮನೆ ಹೊಗದೆ ಹೋದರೆ ನಮ್ಮ ಕಡೆ ಕ್ಷಮೆಯಿಲ್ಲ. ಗುಟ್ಟಾಗಿ ಹಾದು ಹೋಗುವುದೊಂದೇ ಉಪಾಯ. ಅದನ್ನು ಇವರೇ ಕೆಡಿಸಿದ್ದರು.

ಮೋಟೆಬೆನ್ನೂರು ಬರುವಷ್ಟರಲ್ಲಿ ಗಂಡನ ಸೋದರತ್ತೆ, ಬ್ಯಾಡಗಿಯ ನೀಲಗಂಗವ್ವತ್ತಿಯ ಫೋನು. “ಯಾಕಪಾ, ನಮ್ಮನಿ ನೀರು ಒಲ್ಲೇನು? ನಾಯಿಗೆ ಊರು ತೋರಸ್ತಿ, ಅತ್ತಿಗೆ ಮಾರಿ ತೋರಸಂಗಿಲ್ಲ?”

ಕಾರು ಬ್ಯಾಡಗಿಗೆ ತಿರುಗಿತು. ಅಂಗಳದ ತುಂಬ ಹರವಿದ ಮೆಣಸಿನಕಾಯಿ. ಸೋಡಾ ಸೀನತೊಡಗಿದವನು ನಿಲ್ಲಿಸಲೇ ಇಲ್ಲ. ಉಪ್ಪಿಟ್ಟು, ಮಂಡಕ್ಕಿ, ಎರಡು ಸಲ ಚಹಾ.

“ಅತ್ತಿ, ನಾಯಿಗೆ ಘಾಟು ತಡ್ಯಂಗಿಲ್ಲ, ಹೊರಡ್ತೇವಿ” ಎಂದೆ.

“ನಾವು ಹುಟ್ಟಿದಾಗಿಂದ ಇಲ್ಲೇ ಅದೇವಿ, ನಿಮ್ಮ ನಾಯಿ ಏನು ಸಾಹೇಬನ?” ಎಂದು ಅತ್ತೆ ಮೂರನೆಯ ಚಹಾಕ್ಕೆ ನೀರಿಟ್ಟರು.

ಹಾವೇರಿಯಲ್ಲಿ ಗಂಡನ ಚಿಕ್ಕಪ್ಪ ಕೊಟ್ರಪ್ಪ ಕಾಕಾ ರಸ್ತೆಯಲ್ಲೇ ಕಾದು ನಿಂತಿದ್ದರು, ಕೈಯಲ್ಲಿ ಶಾಲು, ಏಲಕ್ಕಿ ಹಾರ. ಯಾವ ಸಾಧನೆಗೆಂದು ಯಾರೂ ಕೇಳಲಿಲ್ಲ. ಕುಮಟಾಕ್ಕೆ ಹೋಗಿಬಂದವರಿಗಲ್ಲ, ಹೋಗುತ್ತೇನೆಂದವರಿಗೇ ಸನ್ಮಾನ! ಗಂಡ ಗಂಭೀರವಾಗಿ ಕೊರಳೊಡ್ಡಿ ಫೋಟೊ ತೆಗೆಸಿಕೊಂಡರು.

ಆಮೇಲೆ ಹೋಳಿಗೆ ಊಟ. ಊಟವಾದ ಮೇಲೆ ಕಾಕಾ ಚಾಪೆ ಹಾಸಿದರು.

“ಸ್ವಲ್ಪ ಅಡ್ಡಾಗ್ರಿ. ರಾತ್ರಿ ಇಲ್ಲೇ ಇರ್ರಿ. ಸಮುದ್ರ ಎಲ್ಲಿ ಓಡಿ ಹೊಕ್ಕೈತಿ?”

“ಇವತ್ತು ಸಂಜಿಕ ಓಡಿ ಹೊಕ್ಕೈತ್ರಿ ಕಾಕಾ. ಅದನ್ನ ನೋಡಾಕ ಹೊಂಟೇನಿ.”

ಕಾಕಾ ನಕ್ಕರು. “ಸುರೇಖಾ ಭಾಳ ಓದ್ಯಾಳ ನೋಡಪಾ!”

ಗಂಡನ ಕಡೆ ನೋಡಿದೆ. ಅವರು ಆಗಲೇ ಚಾಪೆಯ ಮೇಲಿದ್ದರು.

“ಒಂದ ತಾಸು, ಸುರೇಖಾ. ಹಿರಿಯರ ಮಾತು ಮೀರಬಾರದು.”

“ಮೀರಬ್ಯಾಡ್ರಿ. ನೀವು ಇಲ್ಲೇ ಇರ್ರಿ.”

ಹೀಗೆಂದು ಕಿಟಕಿಯ ಮೇಲಿದ್ದ ಕಾರಿನ ಕೀಲಿ ತೆಗೆದುಕೊಂಡೆ. ಮಧ್ಯಾಹ್ನ ಇನ್ನೂ ಒಂದು ಗಂಟೆಯೂ ಆಗಿರಲಿಲ್ಲ. ಗಂಡ ಎದ್ದು ಕೂತರು. ಆದರೆ ಅವರ ಭುಜ ಒತ್ತಿ ಕಾಕಾ ಮತ್ತೆ ಮಲಗಿಸಿದರು. ಸೋಡಾ ನನಗಿಂತ ಮುಂಚೆ ಬಾಗಿಲು ದಾಟಿದ.

ಶಿರಸಿಯಲ್ಲಿ ನಮಗೆ ನೆಂಟರಿಲ್ಲ. ಅಂಥ ಚಂದದ ಊರನ್ನು ನಾನು ಬೇರೆ ನೋಡಿಲ್ಲ.

ಕಡಲು ತಲುಪಿದಾಗ ಸೂರ್ಯ ಇನ್ನೂ ಮೇಲಿದ್ದ. ನೀರು ಹಿಂದೆ ಸರಿದು ಕಪ್ಪು ಬಂಡೆಗಳು ತೆರೆದುಕೊಂಡಿದ್ದವು. ಹೊಂಡವೊಂದರಲ್ಲಿ ಬೆರಳುಗುರಿನಷ್ಟು ಏಡಿಯೊಂದು ಶಂಖದ ಮನೆ ಹೊತ್ತು ಅವಸರದಲ್ಲಿ ಹೊರಟಿತ್ತು. ಬಾಟಲಿಯಲ್ಲಿ ಅದು ಯಾವತ್ತೂ ಅವಸರ ಮಾಡಿರಲಿಲ್ಲ. ಸೋಡಾ ಅಲೆಗೆ ಬೊಗಳಿ, ನೀರು ನೆಕ್ಕಿ, ಮೋಸಹೋದವನಂತೆ ನನ್ನನ್ನು ನೋಡಿದ. ನಾನು ಎಷ್ಟು ಹೊತ್ತು ಮಂಡಿಯೂರಿ ಕೂತಿದ್ದೆನೋ, ಸೀರೆ ತೊಯ್ದದ್ದು ತಿಳಿಯಲಿಲ್ಲ.

ಫೋನು ಬಂತು, ಗಂಡನದು. ದನಿ ಸಣ್ಣಗಿತ್ತು.

“ಮುಟ್ಟಿದೇನು? ಹೆಂಗೈತಿ?”

“ಜೀವಂತ ಐತ್ರಿ.”

ಅವರು ಏನೋ ಹೇಳುವಷ್ಟರಲ್ಲಿ ಹಿಂದಿನಿಂದ ಕಾಕಾ ಕೂಗಿದರು: “ಕುಮಟಾದಾಗ ನಮ್ಮ ಬೀಗರ ಮನಿ ಐತಿ! ಹೊಕ್ಕು, ಚಾ ಕುಡದು ಬರಬೇಕಂತ ಹೇಳೋ!”

ಫೋನು ಬಂದ್ ಮಾಡಿ ಚೀಲದಿಂದ ಥರ್ಮಾಮೀಟರ್ ತೆಗೆದು ಹೊಂಡಕ್ಕೆ ಇಳಿಬಿಟ್ಟೆ. ನೀರಿನ ಉಷ್ಣತೆ 28.5 ಡಿಗ್ರಿ ಸೆಲ್ಸಿಯಸ್.