ದಾರಿ ಅಂದೆ, ನೀರು ಅಂದಿಲ್ಲ

೧

ಈ ಕಥೆಯನ್ನು ಹೊಳೆಯಿಂದ ಶುರು ಮಾಡಬೇಕೋ, ಅಂಗಡಿಯಿಂದಲೋ? ಹೊಳೆಯೇ ಸರಿ ಎಂದುಕೊಂಡು 'ಕಾಗಿಣಾ ನದಿ ಶಾಂತವಾಗಿ ಹರಿಯುತ್ತಿತ್ತು' ಎಂದು ಬರೆದೆ. ನಿಮಗೆ ಆಕಳಿಕೆ ಬಂತು. ನನಗೂ ಬಂತು. ಹೊಡೆದು ಹಾಕಿದೆ. ಅಂಗಡಿಗೇ ಹೋಗೋಣ ಬನ್ನಿ.

೨

೧೯೫೫, ಶಹಾಬಾದ್. ಫೌಜಿನವರು ಹರಾಜು ಹಾಕಿದ ಹಳೆಯ ಸಾಮಾನು ಮಾರುವ ಹಾಜಿಮಲಂಗನ ಅಂಗಡಿ. ಎದುರಿಗೆ ನಿಂತವರು ನಾಗೇಂದ್ರಪ್ಪ, ಚಿತ್ತಾಪುರದ ಕೋರ್ಟಿನಲ್ಲಿ ಕಡತ ಒಪ್ಪಿಸುವ ಪೇಶ್ಕಾರರಾಗಿದ್ದು ನಿವೃತ್ತರಾದವರು. ಅವರ ಕೈಯಲ್ಲಿ ಕಾರ್ಕು ತುಂಬಿದ, ನೀರಿನಲ್ಲಿ ತೇಲುವ ಒಂದು ಅಂಗಿ.

"ಇದು ಹಾಕ್ಕೊಂಡ್ರ ಮುಳಗಂಗಿಲ್ಲೇನೋ?"

"ಫೌಜಿ ಮಾಲ್ ಅದ, ಪೇಶ್ಕಾರ ಸಾಬ್. ನೀವು ಮುಳಗಿದ್ರೂ ಇದು ಮುಳಗಂಗಿಲ್ಲ."

ನಾಗೇಂದ್ರಪ್ಪ ಎರಡು ಕೊಂಡರು.

(ಎರಡು ಯಾಕೆ ಎಂದು ನಾನು ಕೇಳಿದೆ. "ಒಂದು ತೊಯ್ದ್ರ?" ಎಂದರು. ನನ್ನ ಪಾತ್ರಗಳ ತರ್ಕಕ್ಕೆ ನಾನು ಜವಾಬ್ದಾರನಲ್ಲ.)

೩

ಈಗ ಕಾರಣ ಹೇಳಿಬಿಡುತ್ತೇನೆ. ಸಸ್ಪೆನ್ಸ್ ಇಟ್ಟುಕೊಳ್ಳುವ ತಾಕತ್ತು ನನಗಿಲ್ಲ.

ನಾಗೇಂದ್ರಪ್ಪನವರ ಒಬ್ಬಳೇ ಮಗಳು ಗುರುದೇವಿ. ಅಪ್ಪ ನೋಡಿದ ಗಂಡನ್ನು ಬಿಟ್ಟು ತಾನು ಮೆಚ್ಚಿದ ಮೇಷ್ಟ್ರನ್ನು ಮದುವೆಯಾಗಿ, ರಾಯಚೂರಿನ ಹತ್ತಿರ ಕೃಷ್ಣೆಯ ದಂಡೆಯ ಹಳ್ಳಿಗೆ ಹೋದಳು. ಅಪ್ಪ ಊರ ಮಂದಿಯ ಮುಂದೆ ಆಣೆ ಮಾಡಿದರು: "ನಿನ್ನ ಊರಿನ ದಾರಿ ತುಳದ್ರ ನಾ ನಾಗೇಂದ್ರಪ್ಪನೇ ಅಲ್ಲ!"

ಆಮೇಲೆ ಮೊಮ್ಮಗಳು ಹುಟ್ಟಿದಳು. ನಡೆಯಲು ಕಲಿತಳೆಂಬ ಸುದ್ದಿಯೂ ಬಂತು. ವಾಡಿಯಲ್ಲಿ ರೈಲು ಹತ್ತಿದರೆ ಅರ್ಧ ದಿನದ ಹಾದಿ. ಆದರೆ ಆಣೆ? ಜೀವನವೆಲ್ಲ ವಕೀಲರ ವಾದ ಕೇಳಿದ ಮನುಷ್ಯ ಒಂದು ಬೆಳಿಗ್ಗೆ ಜಿಗಿದು ಎದ್ದರು.

"ನಾ ದಾರಿ ಅಂದೆ. ನೀರು ಅಂದಿಲ್ಲ!"

ಹೆಂಡತಿ ಅಮೃತಮ್ಮ ಮುದ್ದೆ ಹಿಟ್ಟು ನಾದುತ್ತಿದ್ದರು. (ಮುದ್ದೆ ಅಲ್ಲ, ರೊಟ್ಟಿ. ಅಮೃತಮ್ಮ ಈಗಷ್ಟೇ ನನ್ನನ್ನು ಬೈದರು.) ರೊಟ್ಟಿಯ ಹಿಟ್ಟು ನಾದುತ್ತಿದ್ದವರು ತಲೆ ಎತ್ತಲಿಲ್ಲ.

ಯೋಜನೆ ಇಷ್ಟು: ದಂಡೋತಿಯಲ್ಲಿ ಕಾಗಿಣಾಕ್ಕೆ ಇಳಿಯುವುದು, ಹೊನಗುಂಟಾದಲ್ಲಿ ಭೀಮೆಯನ್ನು ಸೇರುವುದು, ಭೀಮೆಯಿಂದ ಕೃಷ್ಣೆಗೆ. ಇಂಗ್ಲಿಷ್ ಇಂಜಿನಿಯರೊಬ್ಬ ಶಹಾಬಾದಿನಲ್ಲಿ ಬಿಟ್ಟುಹೋದ ಕಟ್ಟಿಗೆಯ ಉದ್ದ ದೋಣಿ ಸಿಕ್ಕಿತು. ಇನ್ನು ಸಾಮಾನು ಮಾತ್ರ.

೪

ಸಾಮಾನು ಮುಗಿಯಲೇ ಇಲ್ಲ. ಹಗ್ಗಕ್ಕೆಂದು ಸೇಡಂ, ಬಿದಿರಿಗೆಂದು ಚಿಂಚೋಳಿ, ಕಂದೀಲಿಗೆಂದು ವಾಡಿ. ಮಳೆಗೆ ಹೊದಿಸಲು ತಾಡಪತ್ರಿ, ಸ್ಟೋವು, ಸೊಳ್ಳೆ ಪರದೆ, ಮೊಸಳೆ ಕಂಡರೆ ಬಾರಿಸಲು ಒಂದು ಜಾಗಟೆ. ಮಳೆಗಾಲ ಹೋಯಿತು, ದೀಪಾವಳಿ ಹೋಯಿತು. ಯಾವಾಗ ಕೇಳಿದರೂ "ಇನ್ನೊಂದು ಸಾಮಾನ ಬಾಕಿ ಅದ."

"ಈಜು ಬರ್ತದೇನ್ರಿ ನಿಮಗ?" ಅಮೃತಮ್ಮ ಕೇಳಿದರು.

"ಅಂಗಿ ಅದ."

"ನಿಮಗ ನೀರಿನ ಅಂಜಿಕಿ ಇಲ್ರಿ. ಮಗಳ ಮಾರಿ ನೋಡೂ ಅಂಜಿಕಿ. ಅದಕ್ಕ ಅಂಗಡಿ ಸುತ್ತಲಿಕತ್ತೀರಿ."

ಇಲ್ಲಿ ನಾಗೇಂದ್ರಪ್ಪ ಹಿತ್ತಲಿಗೆ ಹೋಗಿ ಅತ್ತರು ಎಂದು ಬರೆದಿದ್ದೆ. ಅವರು ನನ್ನ ಮೇಲೆ ಹರಿಹಾಯ್ದರು. "ಹೊಡದ್ ಹಾಕು ಅದನ್ನ! ಪೇಶ್ಕಾರ ಅಳ್ತಾನೇನು?"

ಹೊಡೆದು ಹಾಕಿದೆ.

(ಅತ್ತಿದ್ದರು.)

೫

ಮರುದಿನವೇ ಎತ್ತಿನ ಬಂಡಿ ಕಟ್ಟಿಸಿ ದೋಣಿ, ಸಾಮಾನು ಎರಡನ್ನೂ ಹೇರಿಸಿದರು. ದಂಡೋತಿಯ ದಂಡೆಯಲ್ಲಿ ಸಾಮಾನನ್ನೆಲ್ಲ ದೋಣಿಗೆ ತುಂಬಿ, ಎರಡೂ ಅಂಗಿಗಳನ್ನು ಒಂದರ ಮೇಲೊಂದು ತೊಟ್ಟು ನಿಂತಾಗ ಗೊತ್ತಾಯಿತು: ಕೂರಲು ಜಾಗವಿಲ್ಲ.

ಅಮೃತಮ್ಮ ಸೀರೆ ಎತ್ತಿ ಕಟ್ಟಿ ನೀರಿಗಿಳಿದರು. ಮೊದಲು ಜಾಗಟೆ ದಂಡೆಗೆ ಬಂತು. ಆಮೇಲೆ ಸ್ಟೋವು. ಕಂದೀಲಿಗೆ ಕೈ ಹಾಕಿದಾಗ ಗಂಡ ಚೀರಿದರು.

"ಅದು ಬೇಕಾಗ್ತದ!"

"ಮಗಳ ಮನ್ಯಾಗ ಕಂದೀಲ ಅವ ಬಿಡ್ರಿ. ಅಡಗಿ ಮನ್ಯಾಗ ಒಂದು, ಪಡಸಾಲ್ಯಾಗ ಒಂದು."

ನಾಗೇಂದ್ರಪ್ಪ ಹೆಂಡತಿಯ ಕಡೆ ತಿರುಗಿದರು. "ನಿನಗ ಹ್ಯಾಂಗ ಗೊತ್ತು?"

"ತೆಂಗಳಿ ಊರಿನ ತವರಮನಿಗಿ ಹೋಗ್ತೀನಿ ಅಂತ ಹೇಳಿ, ವಾಡಿಗಿ ಹೋಗಿ ರೈಲು ಹತ್ತತಿದ್ದೆ. ಆಣಿ ಮಾಡಿದವರು ನೀವು. ನಾ ಅಲ್ಲ."

(ಓದುಗರೇ, ದೇವರಾಣೆ ನನಗೂ ಗೊತ್ತಿರಲಿಲ್ಲ.)

ಇನ್ನೇನು ಕೂಗಾಡುತ್ತಾರೆ ಎಂದು ನಾನು ಪೆನ್ನಿನ ಮುಚ್ಚಳ ತೆಗೆದು ಕಾದೆ. ಅವರು ಕೂಗಾಡಲಿಲ್ಲ. ಮೆಲ್ಲಗೆ ಕೇಳಿದರು: "ಕೂಸು... ಯಾರಂಗ ಅದ?"

"ಮೂಗು ನಿಮ್ದು. ಸಿಟ್ಟೂ ನಿಮ್ದೇ."

ನಾಗೇಂದ್ರಪ್ಪ ತಾಡಪತ್ರಿಯನ್ನು ತಾವೇ ಎತ್ತಿ ದಂಡೆಗೆ ಎಸೆದರು. ಬಿದಿರು, ಪರದೆ, ಹಗ್ಗ, ಎಲ್ಲ ಹೋಯಿತು. ಹುಟ್ಟು ಮಾತ್ರ ಉಳಿಯಿತು. ಅಮೃತಮ್ಮ ಮುಂದೆ ಕೂತರು, ಅವರು ಹಿಂದೆ.

೬

ಎಂಡಿಂಗ್‌ಗಳು ನನ್ನ ಬಳಿ ಮೂರು ಇದ್ದವು. ಮೊದಲನೆಯದರಲ್ಲಿ ದೋಣಿ ಭಂಕೂರ ದಾಟುವ ಮುಂಚೆಯೇ ಮಗುಚುತ್ತದೆ. ನಾಗೇಂದ್ರಪ್ಪ ಒಪ್ಪಲಿಲ್ಲ, ಎದೆಯ ಮೇಲಿನ ಕಾರ್ಕನ್ನು ಬಡಿದು ತೋರಿಸಿದರು. ಎರಡನೆಯದರಲ್ಲಿ ಮಗಳು ಬಾಗಿಲು ತೆರೆಯುವುದಿಲ್ಲ. "ನನ್ನ ಮಗಳು ಹಂತಾಕಿ ಅಲ್ಲ" ಎಂದರು ಅಮೃತಮ್ಮ. ಮೂರನೆಯದರಲ್ಲಿ ಎಲ್ಲರೂ ತಬ್ಬಿಕೊಂಡು ಅಳುತ್ತಾರೆ. ಅದಕ್ಕೆ ನಾನೇ ಒಪ್ಪಲಿಲ್ಲ.

"ಹಂಗಾದ್ರೆ ನಾನೂ ಬರ್ತೀನಿ, ನೋಡಿಕೊಂಡೇ ಬರೀತೀನಿ" ಎಂದೆ.

"ಜಾಗ ಇಲ್ಲೋ ತಮ್ಮಾ" ಎಂದರು ಅಮೃತಮ್ಮ. "ಆ ಸಾಮಾನ ಕಾಯ್ಕೋತ ಇಲ್ಲೇ ಕುಂದ್ರು."

ದೋಣಿ ಎರಡು ಸುತ್ತು ತಿರುಗಿ, ಅಡ್ಡಡ್ಡ ಹೊರಟಿತು. ಅವರು ಎಡಕ್ಕೆ ಎನ್ನುತ್ತಿದ್ದರು, ಆಕೆ ಬಲಕ್ಕೆ ಹುಟ್ಟು ಹಾಕುತ್ತಿದ್ದರು. ತಿರುವಿನ ಆಚೆ ಮರೆಯಾದ ಮೇಲೂ ಇಬ್ಬರ ಜಗಳ ಕೇಳಿಸುತ್ತಿತ್ತು: ಗುರುದೇವಿಯನ್ನು ಕಂಡ ಕೂಡಲೆ ಮೊದಲು ಯಾರು ಮಾತಾಡಬೇಕು ಎಂದು. ನಾಗೇಂದ್ರಪ್ಪ ಏನೋ ಹೇಳಿದರು, ಅಮೃತಮ್ಮ ಗಟ್ಟಿಯಾಗಿ ನಕ್ಕರು. ಏನು ಹೇಳಿದರೋ, ನೀರಿನ ಸಪ್ಪಳದಲ್ಲಿ ನನಗೆ ಕೇಳಲಿಲ್ಲ.