ಶುಭವಾಣಿ ಸಿಡ್ನಿ ಮುಟ್ಟಿದ ಬಗೆ

ಶುಭವಾಣಿ ರೇಡಿಯೋ ಹುಟ್ಟಿದ್ದು 2003ರಲ್ಲಿ, ಮೆಲ್ಬರ್ನಿನ ಬಾಕ್ಸ್ ಹಿಲ್‌ನಲ್ಲಿ, ವಿಲ್ಫಿ ಅಂಕಲ್ ಮನೆಯ ಗ್ಯಾರೇಜಿನಲ್ಲಿ. ದೇವರು ಕನಸಿನಲ್ಲಿ ಬಂದು ಮೈಕ್ ಹಿಡಿ ಎಂದನಂತೆ. ಚರ್ಚ್ ಸಮಿತಿಯ ಚುನಾವಣೆಯಲ್ಲಿ ಸೋತ ವಾರವೇ ಆ ಕನಸು ಬಿದ್ದದ್ದು ಎಂಬುದನ್ನು ಮಾತ್ರ ಅವರು ಹೇಳುತ್ತಿರಲಿಲ್ಲ. ಮಂಗಳೂರು ಕಡೆಯ ಕ್ಯಾಥೊಲಿಕರಿಗಾಗಿ ಭಾನುವಾರ ಸಂಜೆ ಒಂದಿಷ್ಟು ಕೊಂಕಣಿ, ಒಂದಿಷ್ಟು ಕನ್ನಡ. ಬಾಕ್ಸ್ ಹಿಲ್ ಆಸ್ಪತ್ರೆ ದಾಟುವಷ್ಟರಲ್ಲಿ ಆ ಧ್ವನಿ ಸುಸ್ತಾಗುತ್ತಿತ್ತು.

ಮಿಕ್ಸರ್ ಮುಂದೆ ಕೂರುತ್ತಿದ್ದವನು ನಾನು, ಮೈಸೂರಿನ ಲಕ್ಷ್ಮೀಶ. ಡಾಕ್‌ಲ್ಯಾಂಡ್ಸ್‌ನಲ್ಲಿ ಬ್ಯಾಂಕ್ ಕೆಲಸ, ಕ್ಲೇಟನ್‌ನ ಬರ್ಥಾ ಆಂಟಿ ಮನೆಯಲ್ಲಿ ಬಾಡಿಗೆ ರೂಮು. ಭಕ್ತಾದಿಗಳಲ್ಲಿ ಒಬ್ಬರಿಗೂ ವೈರು ಸಿಕ್ಕಿಸಲು ಬಾರದ ಕಾರಣ, ಆಂಟಿಯ ಮಾತಿಗೆ ಕಟ್ಟುಬಿದ್ದು ಹೋಗುತ್ತಿದ್ದೆ.

ಶುಭಸಂದೇಶದ ವಾಚನ, ಪ್ರವಚನ ಯಾರಿಗೂ ಬೇಕಿರಲಿಲ್ಲ. ಎಲ್ಲರೂ ಕಾಯುತ್ತಿದ್ದುದು ಕೊನೆಯ ಪ್ರಾರ್ಥನಾ ಕೋರಿಕೆಗಳಿಗೆ. ಜನ ಫೋನಿನಲ್ಲಿ ಗುಟ್ಟಾಗಿ ತೋಡಿಕೊಂಡ ಕಷ್ಟವನ್ನು ವಿಲ್ಫಿ ಅಂಕಲ್ ದೇವರ ಮುಂದಿಡುತ್ತಿದ್ದರು. ಹೆಸರೊಂದನ್ನು ಬಿಟ್ಟು ಉಳಿದದ್ದೆಲ್ಲ ಹೇಳುತ್ತಿದ್ದರು. "ಮೊನ್ನೆ ಬಿಳಿ ಕ್ಯಾಮ್ರಿ ಕಾರು ತಗೊಂಡ ಒಬ್ಬ ಸಹೋದರನ ಕುಡಿತ ಬಿಟ್ಟುಹೋಗಲಿ" ಎಂದರೆ ಮುಗಿಯಿತು. ರೇಡಿಯೋ ಕೇಳಿದ್ದು ನಾಲ್ಕಾರು ಮನೆಯವರಾದರೂ ಸುದ್ದಿ ಎಲ್ಲ ಸಬರ್ಬುಗಳಿಗೂ ಹಬ್ಬುತ್ತಿತ್ತು. ಇದಕ್ಕೆ ಸೇವೆ ಎಂದು ಹೆಸರು. ನಾಚಿಕೆಗೆಟ್ಟ ಸೇವೆ.

2007ರಲ್ಲಿ ಆಂಟಿಯ ಮಗ ರಿಯಾನ್ ಯೂನಿವರ್ಸಿಟಿ ಬಿಟ್ಟ. ಮನಸ್ಸಿಗೆ ಮಂಕು ಕವಿದು, ಊಟಕ್ಕೂ ರೂಮಿನಿಂದ ಹೊರಬರುತ್ತಿರಲಿಲ್ಲ. "ಮಮ್ಮಿ, ಪ್ಲೀಸ್, ಡೋಂಟ್ ಟೆಲ್ ಎನಿಒನ್" ಎಂದು ತಾಯಿಯ ಕೈ ಹಿಡಿದು ಬೇಡಿಕೊಂಡಿದ್ದ. ಗಂಡ ತೀರಿಹೋಗಿದ್ದ ಆಂಟಿಗೆ ಒಬ್ಬರೇ ಆ ಸಂಕಟ ತಡೆಯಲಾಗಲಿಲ್ಲ. ವಿಲ್ಫಿ ಅಂಕಲ್‌ಗೆ, ಬರೀ ಅವರೊಬ್ಬರಿಗೆ, ಹೇಳಿದರು.

ಆ ಭಾನುವಾರ ಅಂಕಲ್ ಕಣ್ಣು ಮುಚ್ಚಿ ಶುರುಮಾಡಿದರು. "ಕ್ಲೇಟನ್‌ನಲ್ಲಿ ಗಂಡ ತೀರಿದ ಒಬ್ಬ ಸಹೋದರಿ, ನರ್ಸ್. ಅವಳ ಒಬ್ಬನೇ ಮಗ ಇಂಜಿನಿಯರಿಂಗ್ ಬಿಟ್ಟು ಬಾಗಿಲು ಹಾಕಿಕೊಂಡು ಕೂತಿದ್ದಾನೆ..." ನಾನು ಮೈಕ್ ಆಫ್ ಮಾಡುವಷ್ಟರಲ್ಲಿ ಎಲ್ಲ ಹೇಳಿಯಾಗಿತ್ತು.

ಯಾರೋ ಪುಣ್ಯಾತ್ಗಿತ್ತಿ ರಿಯಾನ್‌ಗೇ ಫೋನ್ ಮಾಡಿ ಸಮಾಧಾನ ಹೇಳಿದಳು. ಅವನು ತಾಯಿಯ ಹತ್ತಿರ ಒಂದು ಮಾತೂ ಆಡದೆ ಬ್ಯಾಗ್ ಹಿಡಿದು ಸಿಡ್ನಿಗೆ ಹೊರಟುಹೋದ. ಪ್ಯಾರಮಟ್ಟಾದ ಒಂದು ರೆಸ್ಟೋರೆಂಟಿನಲ್ಲಿ ಪಾತ್ರೆ ತೊಳೆಯುತ್ತಾನೆಂದು ನಮ್ಮವರೇ ನೋಡಿಬಂದು ವರದಿ ಒಪ್ಪಿಸಿದರು. ಆಂಟಿ ಅಲ್ಲಿಗೂ ಹೋಗಿ ಬಾಗಿಲಲ್ಲಿ ಕಾದರು. ಅವನು ಹೊರಗೆ ಬರಲಿಲ್ಲ, ಫೋನೂ ಎತ್ತಲಿಲ್ಲ. ಆಂಟಿ ಅರ್ಧ ಇಳಿದುಹೋದರು.

ಮರುವರ್ಷ ರೇಡಿಯೋದ ಐದನೇ ವಾರ್ಷಿಕೋತ್ಸವ. "ಈಗ ನಮ್ಮ ಧ್ವನಿ ಸಿಡ್ನಿಗೂ ಮುಟ್ತದೆ" ಎಂದು ಅಂಕಲ್ ಘೋಷಿಸಿದರು. ಕ್ಲೇಟನ್‌ಗೇ ಮುಟ್ಟದ ಧ್ವನಿ! ಅಷ್ಟು ಸಾಲದೆಂದು ಬರ್ಥಾ ಆಂಟಿಯನ್ನೇ ಸಾಕ್ಷಿ ಹೇಳಲು ಕರೆದರು. ಶುಭವಾಣಿಯ ಪ್ರಾರ್ಥನೆಯಿಂದಲೇ ಮಗನಿಗೆ ಸಿಡ್ನಿಯಲ್ಲಿ ಕೆಲಸ ಸಿಕ್ಕಿತೆಂದು ಹೇಳಬೇಕಂತೆ. ಕೇಳಿ ನನ್ನ ಮೈ ಉರಿದುಹೋಯಿತು.

ಆಂಟಿ ಬಂದು ಮೈಕ್ ಮುಂದೆ ಕೂತರು. "ರಿಯಾನ್, ಯಾರಿಗೂ ಹೇಳ್ಬೇಡ ಅಂತ ನೀನು ಹೇಳಿದ್ದಿ. ನಾನು ಹೇಳಿದೆ. ತಪ್ಪು ನನ್ನದು. ನಿನ್ನ ಡಿಗ್ರಿ ನನಗೆ ಬೇಡ ಮಗಾ, ನೀನು ಬೇಕು. ಇನ್ನು ಮನೆಯ ಮಾತು ಈ ವಿಲ್ಫಿಯ ಕಿವಿಗೆ ಹಾಕುದಿಲ್ಲ."

ಮೈಕ್ ಆಫ್ ಮಾಡು ಎಂದು ಅಂಕಲ್ ಸನ್ನೆ ಮಾಡಿದರು. ನಾನು ವಾಲ್ಯೂಮ್ ಏರಿಸಿದೆ.

ವಾಪಸು ಬರುವಾಗ ಕಾರಿನಲ್ಲಿ ತಡೆಯಲಾಗದೆ ಹೇಳಿಬಿಟ್ಟೆ. "ಆಂಟಿ, ಇದು ಸಿಡ್ನಿಗೆಲ್ಲ ಕೇಳ್ಸಲ್ಲ. ನಮ್ಮನೇಗೇ ಕೇಳ್ಸಲ್ಲ."

"ಅಷ್ಟು ಗೊತ್ತಿಲ್ವಾ ನನಗೆ?" ಎಂದರು ಆಂಟಿ. "ಸಿಡ್ನಿಗೆ ಮುಟ್ಟಿಸ್ಲಿಕ್ಕೆ ರೇಡಿಯೋ ಯಾಕೆ ಮಾರಾಯ, ಇವರ ಬಾಯಿ ಉಂಟಲ್ಲ!"

ಆ ವಾರ ಕಳೆಯುವುದರೊಳಗೆ ಫೋನ್ ಬಂತು. ರಿಯಾನ್ ಕೂಗಾಡುತ್ತಿದ್ದುದು ನನಗೂ ಕೇಳಿಸಿತು. "ಮಮ್ಮಿ, ಇನಫ್! ಎವ್ರಿಬಡಿ ಈಸ್ ಟೆಲ್ಲಿಂಗ್ ಮೀ! ಐ ಆಮ್ ಕಮಿಂಗ್ ಹೋಮ್, ಓಕೆ?" ಆಂಟಿ ಫೋನ್ ಹಿಡಿದುಕೊಂಡೇ ಅಡುಗೆಮನೆಯ ನೆಲದ ಮೇಲೆ ಕೂತು ಗೋಳೋ ಎಂದು ಅತ್ತರು.

ಶುಭವಾಣಿ ಸಿಡ್ನಿಗೆ ಕೇಳಿಸುತ್ತದೆ ಎನ್ನುವುದಕ್ಕೆ ವಿಲ್ಫಿ ಅಂಕಲ್ ಇವತ್ತಿಗೂ ಇದನ್ನೇ ಸಾಕ್ಷಿ ಹೇಳಿಕೊಂಡು ತಿರುಗುತ್ತಾರೆ.