ಎಷ್ಟು ಹೊಲಿದರೂ ಹರಿಯುವ ಜೇಬು

ಟೈಲರಿಗೆ ತನ್ನ ಹೊಲಿಗೆಯ ಬಗ್ಗೆ ಭಾರಿ ಜಂಬ. ಊರಿನವರ ಮಾನವೆಲ್ಲ ತನ್ನ ಸೂಜಿಯ ತುದಿಯಲ್ಲಿದೆ ಎನ್ನುತ್ತಿದ್ದ. ಅದು ಪೂರಾ ಸುಳ್ಳೂ ಅಲ್ಲ ಬಿಡಿ. ಅಂಥವನ ಮಗಳು ಚೂಟಿ ಒಂದು ದಿನ ಅಂಗಿಯ ಜೇಬು ಹರಿದುಕೊಂಡು ಶಾಲೆಯಿಂದ ಬಂದಳು.

"ಎಲ್ಲಿ ಸಿಕ್ಕಿಸ್ಕೊಂಡೆ?"

"ಬಾಗಿಲ ಚಿಲಕಕ್ಕೆ."

ಟೈಲರು ಎರಡೆರಡು ಹೊಲಿಗೆ ಹಾಕಿಕೊಟ್ಟ. ಮತ್ತೆ ಹರಿಯಿತು. ಈ ಸಲ ಬೆಂಚಿನ ಮೊಳೆಗೆ ಸಿಕ್ಕಿತಂತೆ. ಟೈಲರಿಗೆ ಹಟ ಬಂತು. ಒಳಗೆ ಕ್ಯಾನ್ವಾಸ್ ಕೊಟ್ಟು, ಚೀಲ ಹೊಲಿಯುವ ದಾರದಲ್ಲಿ ಹೊಲಿದು, ಮೂಲೆಗಳಿಗೆ ಜೀನ್ಸಿನ ತಾಮ್ರದ ಗುಂಡಿ ಬಡಿದ.

"ಇನ್ನು ಆನೆ ಎಳೆದ್ರೂ ಬರಲ್ಲ, ನೋಡು!"

ಮರುದಿನ ಮಾತು ನಿಜವಾಯಿತು. ಜೇಬು ಜಪ್ಪಯ್ಯ ಅನ್ನಲಿಲ್ಲ. ಅಂಗಿಯ ಮುಂಭಾಗವೇ ಕಿತ್ತುಬಂದಿತ್ತು. ಚೂಟಿ ಬ್ಯಾಗು ಮೂಲೆಗೆ ಎಸೆದು, "ನಾನಿನ್ನು ಶಾಲೆಗೆ ಹೋಗಲ್ಲ" ಎಂದು ಕೂತುಬಿಟ್ಟಳು.

ಕೋಟು ಬಿಗಿ ಮಾಡಿಸಲು ಬಂದಿದ್ದ ಪಕ್ಕದ ಮನೆಯ ನರ್ಸಕ್ಕ ಆ ಅಂಗಿ ಎತ್ತಿ ನೋಡಿದಳು. "ಅಣ್ಣಾ, ತಾನಾಗಿ ಹರಿದಿದ್ಯಾವುದು, ಯಾರೋ ಎಳೆದು ಹರಿದಿದ್ಯಾವುದು ಅಂತ ನಿಮಗೆ ನಾನು ಹೇಳ್ಬೇಕಾ?"

ಟೈಲರು ಹರಿದ ಅಂಚಿನ ಮೇಲೆ ಬೆರಳಾಡಿಸಿದ. ಇಷ್ಟು ದಿನ ಅವನು ದಾರ ನೋಡಿದ್ದ, ಮಗಳ ಮುಖ ನೋಡಿರಲಿಲ್ಲ.

ನರ್ಸಕ್ಕ ಗುಂಡಿ ಡಬ್ಬಿ ಸುರಿದುಕೊಂಡು ಚೂಟಿಯ ಪಕ್ಕದಲ್ಲಿ ನೆಲಕ್ಕೆ ಕೂತಳು. ಇಬ್ಬರೂ ಬಣ್ಣ ಬೇರೆ ಮಾಡುತ್ತಿದ್ದಂತೆ ಮಾತು ಮೆಲ್ಲಗೆ ಹೊರಬಂತು. ಹಿಂದಿನ ಬೆಂಚಿನ ಹುಡುಗಿಯರು 'ಚಿಂದಿ, ಚಿಂದಿ' ಎಂದು ಕರೆದು ಜೇಬು ಎಳೆಯುತ್ತಾರೆ. ಉಳಿದವರು ನಗುತ್ತಾರೆ.

"ಅಪ್ಪಂಗ್ಯಾಕೆ ಹೇಳ್ಲಿಲ್ಲ ಪುಟ್ಟಾ?"

"ಪಾಪ, ಅಪ್ಪ ಅಷ್ಟು ಖುಷಿಯಾಗಿ ಹೊಲೀತಿದ್ರು..."

ಟೈಲರು ಗಜಕಡ್ಡಿ ಹಿಡಿದು ಎದ್ದ. "ಎಲ್ಲಿ ಆ ಮಕ್ಕಳು? ಅಳತೆ ತಗೊಂಡೇ ಬರ್ತೀನಿ!"

"ಕೂತ್ಕೊಳ್ಳಿ ಅಣ್ಣಾ. ನೀವು ಹೊಡೆದು ಬಂದ್ರೆ ಇವಳಿಗೆ ಕಾಟ ಇನ್ನೂ ಜಾಸ್ತಿಯಾಗುತ್ತೆ."

"ಹಾಗಾದ್ರೆ ಇವಳೇ ಎರಡು ಬಿಡ್ಲಿ. ಚಿಕ್ಕೋರಿದ್ದಾಗ ನಮ್ಮನ್ನೂ ರೇಗಿಸ್ಲಿಲ್ವಾ? ನಂಗೇನಾಯ್ತು?"

ಅಂಗಡಿಗೂ ಮನೆಗೂ ನಡುವಿನ ಪರದೆಯ ಹಿಂದಿನಿಂದ ಹೆಂಡತಿಯ ದನಿ ಬಂತು: "ಏನೂ ಆಗಿಲ್ಲ ನರ್ಸಕ್ಕಾ. ಈಗ್ಲೂ ನಿದ್ದೇಲಿ 'ನನ್ ಟೋಪಿ ಕೊಡ್ರೋ' ಅಂತ ಅಳ್ತಾರೆ, ಅಷ್ಟೇ."

ಟೈಲರು ಗಜಕಡ್ಡಿ ಕೆಳಗಿಟ್ಟ.

"ಮೊದಲು ಮಗೂಗೆ 'ನಿನ್ನ ತಪ್ಪಲ್ಲ' ಅನ್ನಿ" ಎಂದಳು ನರ್ಸಕ್ಕ. "ನಾಳೆ ಟೀಚರ್ ಹತ್ರ ನಡೆದದ್ದು ಹೇಳಿ, ಕೂಗಾಡ್ಬೇಡಿ. ಚೂಟಿ, ಯಾರಾದ್ರೂ ಎಳೆದ್ರೆ 'ಬಿಡು, ನಂಗಿಷ್ಟ ಇಲ್ಲ' ಅಂತ ಗಟ್ಟಿಯಾಗಿ ಹೇಳಿ ಸೀದಾ ಟೀಚರ್ ಹತ್ರ ಹೋಗು. ಅದು ಚಾಡಿ ಅಲ್ಲ."

ಅಲ್ಲೇ ತಾಲೀಮು ಶುರುವಾಯಿತು. ಟೈಲರೇ ಕಾಟ ಕೊಡುವ ಹುಡುಗಿಯಾಗಿ ತೋಳು ಎಳೆದ. ಮೊದಲು ಚೂಟಿಗೆ ದನಿಯೇ ಹೊರಡಲಿಲ್ಲ. ಆಮೇಲೆ ಹೊರಟಿತು ನೋಡಿ: "ಬಿಡು! ನಂಗಿಷ್ಟ ಇಲ್ಲ!"

ಅಷ್ಟರಲ್ಲಿ ಅಂಗಡಿಗೆ ಬಂದು, ಹೊಸ ಪ್ಯಾಂಟು ಹಾಕಿ, ಅದರ ಸಡಿಲ ಸೊಂಟ ಹಿಡಿದುಕೊಂಡು ಕನ್ನಡಿ ಮುಂದೆ ನಿಂತಿದ್ದ ಬೇಕರಿಯವನು ಬೆಚ್ಚಿಬಿದ್ದು ಎರಡೂ ಕೈ ಮೇಲೆತ್ತಿದ. ಪ್ಯಾಂಟು ಕೆಳಗೆ ಬಂತು. ಎಷ್ಟೋ ದಿನಗಳ ಮೇಲೆ ಚೂಟಿ ಬಿದ್ದುಬಿದ್ದು ನಕ್ಕಳು.

ಮರುದಿನ ಟೈಲರು ಕೋಪ ನುಂಗಿಕೊಂಡು ಟೀಚರನ್ನು ಕಂಡ. "ಆಟ ಅಂದ್ಕೊಂಡಿದ್ದೆ" ಎಂದು ಅವರೂ ಪೇಚಾಡಿಕೊಂಡರು. ಆ ಹುಡುಗಿಯರನ್ನೂ ಅವರ ಮನೆಯವರನ್ನೂ ಕರೆದು ಮಾತಾಡಿದರು, ಬಿಡುವಿನಲ್ಲಿ ಕಣ್ಣಿಟ್ಟರು. ಕಾಟ ಒಂದೇ ದಿನಕ್ಕೆ ನಿಲ್ಲಲಿಲ್ಲ. ನಡೆದಾಗೆಲ್ಲ ಚೂಟಿ ಹೇಳಿದಳು, ಹೇಳಿದಾಗೆಲ್ಲ ದೊಡ್ಡವರು ಕಿವಿಗೊಟ್ಟರು. ಆಮೇಲೆ ನಿಂತಿತು. ಶಾಲೆ ಒಂದು ದಿನವೂ ತಪ್ಪಲಿಲ್ಲ.

ಓದುವ ಅಪ್ಪ ಅಮ್ಮಂದಿರೇ, ನಿಮ್ಮ ಮಗು ಸುಮ್ಮಸುಮ್ಮನೆ ಹೊಟ್ಟೆನೋವು ಅನ್ನುತ್ತಿದೆಯೇ? ಶಾಲೆ ಬೇಡ ಅನ್ನುತ್ತಿದೆಯೇ? ಗದರಬೇಡಿ. ಪಕ್ಕದಲ್ಲಿ ಕೂತು ಕೇಳಿ, ಹೇಳಿದ್ದನ್ನು ನಂಬಿ, ಶಾಲೆಗೆ ಹೋಗಿ ಮಾತಾಡಿ. ಕಾಟ ಕೊಡುವ ಮಗು ನಿಮ್ಮದೇ ಆಗಿದ್ದರೆ? ಮುಚ್ಚಿಡಬೇಡಿ, ಬಡಿಯಲೂ ಬೇಡಿ. ಆ ಮಗುವಿನ ಪಕ್ಕದಲ್ಲೂ ಯಾರಾದರೂ ಕೂರಬೇಕು. ನೀವೇ ಕೂರಿ.